ವೇಗ ಇಳಿಯುವ ಜಾಗ

ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಎರಡು ಹಳೆಯ ಟ್ರ್ಯಾಕ್ಟರುಗಳನ್ನು ತೂಗಿ ನೋಡುವ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, ಯಾವುದು ಜೋರು ಓಡುತ್ತದೆ ಎನ್ನುವುದು. ಮ್ಯಾಸಿ 1035 ಮುಂದೋ, ಮಹೀಂದ್ರಾ ಬಿ-275 ಮುಂದೋ, ಫೋರ್ಡ್ 3600ರ ಸಮಕ್ಕೆ ಇವು ಬಂದಾವೋ, ಎಚ್‌ಎಂಟಿ 2511 ತುಂಬಿದ ಟ್ರೇಲರ್ ಕಟ್ಟಿಕೊಂಡು ಎಷ್ಟು ಓಡೀತು. ಪ್ರಶ್ನೆ ಸಹಜವಾದದ್ದೇ. ಓಟ ಕಣ್ಣಿಗೆ ಕಾಣುತ್ತದೆ, ಹೌಸಿಂಗಿನೊಳಗಿನ ಹಲ್ಲುಗಳು ಕಾಣುವುದಿಲ್ಲ. ಆದರೂ ನನ್ನ ವಾದ ಇಷ್ಟು: ಟ್ರ್ಯಾಕ್ಟರಿನ ಗರಿಷ್ಠ ವೇಗ ಆ ಯಂತ್ರದ ಬಗ್ಗೆ ಹೇಳುವುದು ಬಹಳ ಕಡಿಮೆ. ಎಂಜಿನ್ನಿನ ವೇಗವನ್ನು ಗಾಲಿಯ ವೇಗಕ್ಕೆ ಇಳಿಸುವ ಕೆಲಸ ಯಂತ್ರದ ಯಾವ ಜಾಗದಲ್ಲಿ ನಡೆಯುತ್ತದೆ ಎನ್ನುವುದು ಅದಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ. ಒಂದೇ ವೇಗದಲ್ಲಿ ಓಡುವ ಎರಡು ಟ್ರ್ಯಾಕ್ಟರುಗಳು ಒಳಗೆ ಪೂರ್ತಿ ಬೇರೆ ಬೇರೆ ಯಂತ್ರಗಳಾಗಿರಬಹುದು. ಯಾವ ಭಾಗ ಮೊದಲು ಸವೆಯುತ್ತದೆ, ಯಾವುದು ಒಂದು ದಿನ ಥಟ್ಟನೆ ಮುರಿಯುತ್ತದೆ, ಇಪ್ಪತ್ತು ಮೂವತ್ತು ವರ್ಷದ ಮೇಲೂ ಯಾವುದು ಎರಿ ಹೊಲಕ್ಕೆ ಇಳಿಯುತ್ತದೆ ಎಂಬುದಕ್ಕೆಲ್ಲ ಉತ್ತರ ಆ ಜಾಗದಲ್ಲಿದೆ.

ಲೆಕ್ಕದಿಂದಲೇ ಶುರುಮಾಡೋಣ. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. 28 ಇಂಚಿನ ರಿಮ್ಮಿಗೆ ಹಾಕಿದ ಹಿಂದಿನ ಗಾಲಿ ಒಂದು ಸುತ್ತು ಉರುಳಿದರೆ ಹೆಚ್ಚುಕಡಿಮೆ 3.8 ಮೀಟರ್ ಸಾಗುತ್ತದೆ. ಎಂಜಿನ್ನಿನ ಸುತ್ತು ಇದ್ದಂತೆಯೇ ಗಾಲಿಗೆ ಮುಟ್ಟಿದ್ದರೆ ಟ್ರ್ಯಾಕ್ಟರು ಗಂಟೆಗೆ 456 ಕಿ.ಮೀ. ಓಡಬೇಕಾಗಿತ್ತು. ಗಾಲಿ ಒಂದು ಸುತ್ತು ತಿರುಗಲು ಎಂಜಿನ್ನು ಇಪ್ಪತ್ತು ಸುತ್ತು ತಿರುಗುವಂತೆ ಹಲ್ಲುಗಳನ್ನು ಹೊಂದಿಸಿದರೆ ವೇಗ 22.8 ಕಿ.ಮೀ.ಗೆ ಇಳಿಯುತ್ತದೆ. ಇನ್ನೂರು ಸುತ್ತಿಗೆ ಹೊಂದಿಸಿದರೆ 2.28 ಕಿ.ಮೀ. ಹಳೆಯ ಟ್ರ್ಯಾಕ್ಟರುಗಳ ಮೇಲಿನ ಗೇರು, ಕೆಳಗಿನ ಗೇರು ಎರಡೂ ಸುಮಾರಾಗಿ ಈ ಎರಡು ಅಂಕಿಗಳ ಆಸುಪಾಸಿನಲ್ಲೇ ಇವೆ. ಮ್ಯಾಸಿ 1035ರ ಮೇಲಿನ ವೇಗ ಗಂಟೆಗೆ 24 ಕಿ.ಮೀ. ಹತ್ತಿರ. ಅದರ ಕಾಲದ ಉಳಿದ ಟ್ರ್ಯಾಕ್ಟರುಗಳೂ ಇಪ್ಪತ್ತರಿಂದ ಮೂವತ್ತರ ನಡುವೆಯೇ ನಿಲ್ಲುತ್ತವೆ. ಅಂದರೆ ಜಗಳವೆಲ್ಲ ಆ ಕೊನೆಯ ನಾಲ್ಕೈದು ಕಿಲೋಮೀಟರಿನದು. ಅದನ್ನು ಕೂಡಿಸುವುದಕ್ಕೂ ಕಳೆಯುವುದಕ್ಕೂ ತಯಾರಕನಿಗೆ ಬೇಕಾದದ್ದು ಒಂದು ಜೋಡಿ ಗೇರಿನಲ್ಲಿ ಒಂದೆರಡು ಹಲ್ಲು, ಇಲ್ಲವೇ ಒಂದಿಷ್ಟು ದೊಡ್ಡ ಟೈರು. ಅದು ಎಂಜಿನ್ನಿನ ಕಸುವಿನ ಗುರುತಲ್ಲ, ತಯಾರಕನ ಆಯ್ಕೆ.

ಈ ಆಯ್ಕೆಯ ಹಿಂದೆ ನೆಲ ಮತ್ತು ಗಾಲಿಯ ಚರಿತ್ರೆಯಿದೆ. 1917ರಲ್ಲಿ ಹೆನ್ರಿ ಫೋರ್ಡ್ ತಂದ ಫೋರ್ಡ್‌ಸನ್ ಎಫ್ ಮಾದರಿಗೆ ಮೂರೇ ಗೇರು, ಕಬ್ಬಿಣದ ಗಾಲಿ. ಮೇಲಿನ ಗೇರಿನಲ್ಲಿ ಅದು ಗಂಟೆಗೆ ಹತ್ತು ಹನ್ನೊಂದು ಕಿ.ಮೀ. ಓಡುತ್ತಿತ್ತು. ಅದಕ್ಕಿಂತ ಜೋರಾಗಿ ಓಡಿದ್ದರೆ ಆ ಗಾಲಿಗಳು ಯಂತ್ರವನ್ನೂ ಚಾಲಕನನ್ನೂ ಕುಟ್ಟಿ ಹಾಕುತ್ತಿದ್ದವು. 1930ರ ದಶಕದ ಮೊದಲಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರನ್ನು ಟ್ರ್ಯಾಕ್ಟರಿಗೆ ಹಾಕಿತು. ರೈತರು ನಂಬಲಿಲ್ಲ. ಅವರನ್ನು ನಂಬಿಸಲು ಕಂಪನಿ ತನ್ನ ಯು ಮಾದರಿಯ ಟ್ರ್ಯಾಕ್ಟರಿನ ಗೇರು ಬದಲಿಸಿ, 1933ರಲ್ಲಿ ಹೆಸರಾಂತ ಕಾರ್ ರೇಸುಗಾರ ಬಾರ್ನಿ ಓಲ್ಡ್‌ಫೀಲ್ಡ್‌ನನ್ನು ಕೂಡಿಸಿ ಓಡಿಸಿತು. ಅದು ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ದಾಟಿ ಓಡಿತು. 1938ರಲ್ಲಿ ಮಿನಿಯಾಪೊಲಿಸ್-ಮೊಲಿನ್ ಕಂಪನಿ ಕಾರಿನಂಥ ಕ್ಯಾಬಿನ್ ಕಟ್ಟಿ, ಗಂಟೆಗೆ 40 ಮೈಲಿ ಓಡುವ ಯುಡಿಎಲ್‌ಎಕ್ಸ್ ಎಂಬ ಟ್ರ್ಯಾಕ್ಟರನ್ನೇ ಮಾರಾಟಕ್ಕೆ ಬಿಟ್ಟಿತು. ಹಗಲು ಹೊಲ, ಸಂಜೆ ಊರು ಎಂಬುದು ಅವರ ಕನಸು. ನೂರೈವತ್ತರಷ್ಟು ತಯಾರಾಗಿ ಅದು ನಿಂತುಹೋಯಿತು. ಇದಕ್ಕೆ ತಿರುವುಮುರುವಾಗಿ, 1939ರ ಫೋರ್ಡ್ 9ಎನ್ ಮೂರೇ ಗೇರಿನಲ್ಲಿ ಗಂಟೆಗೆ ಹನ್ನೆರಡು ಕಿ.ಮೀ. ಓಡಿಕೊಂಡೇ ಭಾರೀ ಸಂಖ್ಯೆಯಲ್ಲಿ ಹೊಲ ಸೇರಿತು, ಏಕೆಂದರೆ ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟ್ ಅದರಲ್ಲಿತ್ತು. ಓಡಿಸಬೇಕೆಂದರೆ ಎಷ್ಟಾದರೂ ಓಡಿಸಬಹುದು ಎಂಬುದು ಆಗಲೇ ಸಿದ್ಧವಾಗಿತ್ತು. ಯಾವುದು ಬಾಳಿತು ಎಂಬುದೇ ಇಲ್ಲಿ ನೋಡಬೇಕಾದ ಸಂಗತಿ.

ನಮ್ಮ ರೈತರಿಗೆ ಈ ವಿವೇಕ ಹೊಸದಲ್ಲ. ಎತ್ತು ಕೊಳ್ಳುವಾಗ ಅವರು ಬರಿಯ ಓಟ ನೋಡಿದವರಲ್ಲ. ಚಕ್ಕಡಿಗೆ, ದಾರಿಯ ಕೆಲಸಕ್ಕೆ ಖಿಲಾರಿ. ಎರಿ ಭೂಮಿಯಲ್ಲಿ ಆಳದ ರಂಟಿ ಎಳೆಯಲು ನಿಧಾನದ, ಭಾರೀ ಮೈಯ ಕೃಷ್ಣಾ ಕಣಿವೆ ತಳಿ. ಯಾವ ಎತ್ತು ಯಾವ ನೆಲಕ್ಕೆ ಎಂಬುದನ್ನು ಮೈಕಟ್ಟಿನಿಂದ, ಹೆಗಲಿನಿಂದ, ಗೊರಸಿನಿಂದ ಓದುತ್ತಿದ್ದರು. ಟ್ರ್ಯಾಕ್ಟರಿನ ಮೈಕಟ್ಟನ್ನೂ ಹಾಗೆ ಓದಲು ಬರುತ್ತದೆ. ಓದಬೇಕಾದದ್ದು ಬಾನೆಟ್ಟನ್ನಲ್ಲ, ಸೀಟಿನ ಕೆಳಗಿನ ಭಾಗವನ್ನು.

ಇಲ್ಲಿ ಎರಡು ವಂಶಗಳನ್ನು ಎದುರುಬದುರು ಇಟ್ಟು ನೋಡಬೇಕು. ಒಂದು ಫರ್ಗುಸನ್ ವಂಶ. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿದ ಟಿಇ-20, ಅದರ ಬೆನ್ನಿಗೆ 1956ರಲ್ಲಿ ಬಂದ 35 ಮಾದರಿ, ಆ 35ರ ಕುಡಿಯಾಗಿ ಮದ್ರಾಸಿನ ಟಾಫೆ ಕಂಪನಿ ನಮ್ಮ ದೇಶಕ್ಕೆ ಕೊಟ್ಟ 1035. ಈ ಮ್ಯಾಸಿ 35ರಲ್ಲಿ ಗೇರ್‌ಬಾಕ್ಸಿಗೆ ಮೂರೇ ಗೇರು. ಅದರ ಹಿಂದೆ ಹೈ-ಲೋ ಎನ್ನುವ ಒಂದು ಗ್ರಹಚಕ್ರದ ಗೇರು, ಅಂದರೆ ನಡುವಿನ ಒಂದು ಹಲ್ಲುಗಾಲಿಯ ಸುತ್ತ ಚಿಕ್ಕ ಹಲ್ಲುಗಾಲಿಗಳು ಸುತ್ತುವ ಜೋಡಣೆ. ಹೈ ಹಾಕಿದರೆ ಸುತ್ತು ನೇರ ಹೋಗುತ್ತದೆ, ಲೋ ಹಾಕಿದರೆ ನಾಲ್ಕು ಪಟ್ಟು ಇಳಿಯುತ್ತದೆ. ಮೂರು ಎರಡಲೆ ಆರು ಗೇರು. ಅಲ್ಲಿಂದ ಮುಂದೆ ಪಿನಿಯನ್ ಎಂಬ ಆರು ಹಲ್ಲಿನ ಚಿಕ್ಕ ಹಲ್ಲುಗಾಲಿ ಕ್ರೌನು ಎಂಬ ಮೂವತ್ತೇಳು ಹಲ್ಲಿನ ದೊಡ್ಡದನ್ನು ತಿರುಗಿಸುತ್ತದೆ. ಆರು ಪಟ್ಟಿಗೆ ಸ್ವಲ್ಪ ಹೆಚ್ಚು ಇಳಿಕೆ. ಕ್ರೌನಿನಿಂದ ಎರಡೂ ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್, ಅಲ್ಲಿಂದ ಹಾಫ್ ಶಾಫ್ಟು ನೇರವಾಗಿ ಗಾಲಿಗೆ. ಕ್ರೌನಿನ ನಂತರ ಮತ್ತೆ ಇಳಿಕೆಯೇ ಇಲ್ಲ. ಇನ್ನೊಂದು ಬುಲ್ ಗೇರಿನ ವಂಶ. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕೂಡಿ ಕಟ್ಟಿದ ಕಂಪನಿಯಿಂದ 1965ರಲ್ಲಿ ಹೊರಬಂದ ಬಿ-275 ಈ ವಂಶದ್ದು. ಜೆಕೊಸ್ಲೊವಾಕಿಯಾದ ಜೀಟರ್ ಮೂಲದಿಂದ 1971ರಲ್ಲಿ ಪಿಂಜೋರಿನಲ್ಲಿ ಶುರುವಾದ ಎಚ್‌ಎಂಟಿಯೂ ಈ ವಂಶದ್ದೇ. ಇವುಗಳಲ್ಲಿ ಡಿಫರೆನ್ಷಿಯಲ್ ದಾಟಿದ ಮೇಲೆ, ಗಾಲಿಗೆ ಹೋಗುವ ಮುಂಚೆ, ಪ್ರತಿ ಪಕ್ಕದಲ್ಲೂ ಒಂದು ಚಿಕ್ಕ ಹಲ್ಲುಗಾಲಿ ಮತ್ತು ಅದು ತಿರುಗಿಸುವ ಒಂದು ದೊಡ್ಡ ಬುಲ್ ಗೇರು ಇರುತ್ತವೆ. ಕೊನೆಯ ದೊಡ್ಡ ಇಳಿಕೆ ಅಲ್ಲಿ, ಗಾಲಿಯ ಪಕ್ಕದಲ್ಲಿ.

ಇದರಿಂದ ಆಗುವ ವ್ಯತ್ಯಾಸವೇನು? ಗೇರು ವೇಗವನ್ನು ಎಷ್ಟು ಪಟ್ಟು ಇಳಿಸುತ್ತದೋ ತಿರುಗಿಸುವ ಬಲವನ್ನು ಅಷ್ಟೇ ಪಟ್ಟು ಏರಿಸುತ್ತದೆ. ಆದ್ದರಿಂದ ಇಳಿಕೆ ನಡೆದ ಜಾಗಕ್ಕಿಂತ ಹಿಂದಿರುವ ಪ್ರತಿಯೊಂದು ಭಾಗವೂ ಆ ಏರಿದ ಬಲವನ್ನು ಹೊರಬೇಕು. ಮುಂದಿರುವ ಭಾಗಗಳು ಹೊರಬೇಕಾಗಿಲ್ಲ. 35 ಅಶ್ವಶಕ್ತಿಯ ಎಂಜಿನ್ನು 2,000 ಸುತ್ತಿನಲ್ಲಿ ಕೊಡುವ ಬಲ ಸುಮಾರು ಹನ್ನೆರಡೂವರೆ ಕಿಲೋಗ್ರಾಂ-ಮೀಟರ್, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ ಹನ್ನೆರಡೂವರೆ ಕಿಲೋ ಜೋತುಬಿದ್ದಷ್ಟು. ಇನ್ನೂರು ಪಟ್ಟು ಇಳಿಕೆಯಲ್ಲಿ ಇದು 2,500 ಆಗಬೇಕು. ಆದರೆ ನೆಲ ಅಷ್ಟನ್ನು ಕೇಳುವುದಿಲ್ಲ. ಹಿಂದಿನ ಗಾಲಿಗಳ ಮೇಲೆ 1,200 ಕಿಲೋ ಭಾರವಿದ್ದು, ಅದರ ನೂರಕ್ಕೆ ಅರವತ್ತರಷ್ಟು ಹಿಡಿತ ಸಿಕ್ಕಿದರೂ ಎಳೆತ 720 ಕಿಲೋ ದಾಟುವುದಿಲ್ಲ. ಆಮೇಲೆ ಗಾಲಿ ಜಾರುತ್ತದೆ. ಆರು ನೂರು ಮಿಲಿಮೀಟರ್ ತ್ರಿಜ್ಯದ ಗಾಲಿಗೆ ಅದು 430 ಕಿಲೋಗ್ರಾಂ-ಮೀಟರಿನಷ್ಟು ಬಲ. ಹಾಗಾಗಿ ಕೆಳಗಿನ ಗೇರಿನಲ್ಲಿ ಹಿಂದಿನ ಭಾಗಗಳ ಮೇಲೆ ಬೀಳುವ ಹೊರೆಯನ್ನು ಎಂಜಿನ್ನು ತೀರ್ಮಾನಿಸುವುದಿಲ್ಲ, ನೆಲದ ಹಿಡಿತ ತೀರ್ಮಾನಿಸುತ್ತದೆ. ಈ 430 ಫರ್ಗುಸನ್ ವಂಶದಲ್ಲಿ ಪೂರ್ತಿಯಾಗಿ ಕ್ರೌನಿನ ಹಲ್ಲಿನ ಮೇಲೆ ಕೂಡುತ್ತದೆ. ಬುಲ್ ಗೇರಿನ ವಂಶದಲ್ಲಿ ಕೊನೆಯ ಇಳಿಕೆ ಐದು ಪಟ್ಟು ಎಂದಿಟ್ಟುಕೊಂಡರೆ ಕ್ರೌನಿಗೆ ಬರುವುದು 86 ಮಾತ್ರ. ಏರಿದ ಪೂರ್ತಿ ಬಲವನ್ನು ಬುಲ್ ಗೇರಿನ ಅಗಲವಾದ, ನೇರ ಕೆತ್ತಿದ ಹಲ್ಲುಗಳು ಹೊರುತ್ತವೆ. ರಸ್ತೆಯ ಮೇಲೆ ಎರಡೂ ಒಂದೇ ವೇಗದಲ್ಲಿ ಜೊತೆಗೂಡಿ ಓಡುತ್ತಿರುವಾಗಲೂ ಒಳಗಿನ ಹೊಣೆಗಾರಿಕೆಯ ಹಂಚಿಕೆ ಹೀಗೆ ಬೇರೆ ಬೇರೆಯಾಗಿರುತ್ತದೆ.

ಹಾಗಾದರೆ ಬುಲ್ ಗೇರೇ ಮೇಲು ಎಂದು ತೀರ್ಪು ಕೊಡಬಹುದೇ ಎಂದು ಯಾರಾದರೂ ಕೇಳಿದರೆ, ಕೊಡಬಾರದು ಎನ್ನುತ್ತೇನೆ. ಕೊನೆಯಲ್ಲಿ ಇಳಿಕೆ ಇಟ್ಟರೆ ಅದರ ಮುಂದಿನ ಭಾಗಗಳೆಲ್ಲ ಹೆಚ್ಚು ವೇಗವಾಗಿ ತಿರುಗಬೇಕು. ರಸ್ತೆಯ ಓಟದಲ್ಲಿ ಕ್ರೌನು, ಡಿಫರೆನ್ಷಿಯಲ್, ಅವುಗಳ ಬೇರಿಂಗುಗಳು ಐದು ಪಟ್ಟು ಸುತ್ತುತ್ತ ಎಣ್ಣೆಯನ್ನು ಕಡೆಯುತ್ತವೆ, ಕಾಯುತ್ತವೆ. ಹಲ್ಲುಗಾಲಿಗಳ ಜೋಡಿ ಹೆಚ್ಚಿದಷ್ಟೂ ಸದ್ದು ಹೆಚ್ಚು, ಬೇರಿಂಗು ಹೆಚ್ಚು, ಸೀಲು ಹೆಚ್ಚು, ತೂಕ ಹೆಚ್ಚು, ಪ್ರತಿ ಜೋಡಿಯಲ್ಲೂ ಒಂದಿಷ್ಟು ಶಕ್ತಿ ಉಜ್ಜಿ ಹೋಗುತ್ತದೆ. ಫರ್ಗುಸನ್ ಆರಿಸಿಕೊಂಡ ದಾರಿ ಅಗ್ಗದ, ಹಗುರದ ಟ್ರ್ಯಾಕ್ಟರಿನದು. ತೂಕದ ಬದಲು ಲಿಫ್ಟಿನ ಮೂಲಕ ರಂಟಿಯ ಎಳೆತವನ್ನೇ ಹಿಂದಿನ ಗಾಲಿಯ ಮೇಲಿನ ಭಾರವಾಗಿ ತಿರುಗಿಸುವುದು ಅವನ ಉಪಾಯ. ಆ ಉಪಾಯಕ್ಕೆ ದೊಡ್ಡ, ಗಟ್ಟಿ ಕ್ರೌನು ಮತ್ತು ಚುಟುಕಾದ ಹಿಂಬದಿ ಹೊಂದಿಕೊಂಡವು. ಕವೆಂಟ್ರಿಯಲ್ಲಿ ಅಂಥ ಟಿಇ-20 ಐದು ಲಕ್ಷಕ್ಕೂ ಮೀರಿ ತಯಾರಾದದ್ದು ಆ ಉಪಾಯ ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ. ಎರಡೂ ದಾರಿಗಳಿಗೆ ತಮ್ಮ ತಮ್ಮ ನ್ಯಾಯವಿದೆ. ಆದರೆ ಆ ನ್ಯಾಯ ಅರಿಯದೆ ಒಂದನ್ನು ಇನ್ನೊಂದರಂತೆ ದುಡಿಸಿದರೆ ಯಂತ್ರ ತಾಳುವುದಿಲ್ಲ. ಕಪ್ಪತಗುಡ್ಡದ ಆಸುಪಾಸಿನಲ್ಲಿ ಕೆಂಪು ಮಸಾರಿಯೂ ಉಂಟು, ಕಪ್ಪು ಎರಿಯೂ ಉಂಟು. ಕರಿಕೆ ಹತ್ತಿದ ಎರಿ ಹೊಲವನ್ನು ಬೇಸಿಗೆಯಲ್ಲಿ ಆಳಕ್ಕೆ ಮಗುಚುವ ಕೆಲಸದ ಹೊರೆ ಬೇರೆ, ಮಸಾರಿಯಲ್ಲಿ ಶೇಂಗಾದ ಸಾಲಿಗೆ ಹರಗುವ ಕೆಲಸದ ಹೊರೆ ಬೇರೆ.

ಈಗ ಗಟ್ಟಿಯಾದ ಆಕ್ಷೇಪಣೆಗೆ ಬರೋಣ. ನಮ್ಮ ಟ್ರ್ಯಾಕ್ಟರು ಹೊಲದಲ್ಲಿ ಕಳೆಯುವಷ್ಟೇ ಹೊತ್ತನ್ನು ರಸ್ತೆಯ ಮೇಲೂ ಕಳೆಯುತ್ತದೆ. ಶೇಂಗಾ, ಉಳ್ಳಾಗಡ್ಡಿ, ಗೋವಿನಜೋಳ ಗದಗಿನ ಪೇಟೆಗೆ ಹೋಗಬೇಕು. ಮುಂಡರಗಿ ತಾಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಬೇಕು. ಮಣ್ಣು, ಕಲ್ಲು, ಉಸುಕು ಹೇರಬೇಕು. ಸಾಲ ಮಾಡಿ ಕೊಂಡ ಗಾಡಿ ಬಾಡಿಗೆ ದುಡಿಯದಿದ್ದರೆ ಕಂತು ಕಟ್ಟುವವರಾರು? ಹೀಗಿರುವಾಗ ಮೇಲಿನ ವೇಗ ಲೆಕ್ಕಕ್ಕಿಲ್ಲವೆಂದರೆ ಹೇಗೆ? ಈ ಆಕ್ಷೇಪಣೆಯ ಮೊದಲರ್ಧ ಪೂರ್ತಿ ನಿಜ. ಟ್ರ್ಯಾಕ್ಟರು ನಮ್ಮಲ್ಲಿ ಲಾರಿಯೂ ಹೌದು, ಅದನ್ನು ಮರೆತು ಬರೆಯುವವರು ಹಳ್ಳಿಯ ಲೆಕ್ಕವನ್ನು ಅರಿತವರಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ತಪ್ಪು. ಇಪ್ಪತ್ತು ಕಿ.ಮೀ. ದಾರಿಯನ್ನು ಗಂಟೆಗೆ 24ರಂತೆ ಓಡಿದರೆ 50 ನಿಮಿಷ, 28ರಂತೆ ಓಡಿದರೆ 43. ಉಳಿದದ್ದು ಏಳು ನಿಮಿಷ. ಹೇರುವುದಕ್ಕೆ, ಇಳಿಸುವುದಕ್ಕೆ, ತೂಕದ ಪಾಳಿಗೆ ಹೋಗುವ ಹೊತ್ತಿನ ಮುಂದೆ ಈ ಏಳು ನಿಮಿಷಕ್ಕೆ ಬೆಲೆಯಿಲ್ಲ. ಅದೂ ಸಮತಟ್ಟಾದ ದಾರಿಯಲ್ಲಿ ಮಾತ್ರ ಉಳಿಯುವ ಏಳು ನಿಮಿಷ.

ಏರು ಬಂತೆಂದರೆ ಲೆಕ್ಕ ತಿರುಗಿಬೀಳುತ್ತದೆ. ಎಂಜಿನ್ನಿನ ಶಕ್ತಿ ಅಷ್ಟೇ ಇರುವಾಗ ವೇಗ ಹೆಚ್ಚಿದಷ್ಟೂ ಎಳೆತ ಕಡಿಮೆಯಾಗಲೇಬೇಕು. 35 ಅಶ್ವಶಕ್ತಿಗೆ ಗಂಟೆಗೆ 24 ಕಿ.ಮೀ.ಯಲ್ಲಿ ಸಿಗುವ ಎಳೆತ, ನಡುವಿನ ನಷ್ಟ ಬಿಟ್ಟು, ಹೆಚ್ಚೆಂದರೆ 394 ಕಿಲೋ. 28ರಲ್ಲಿ 337. ತುಂಬಿದ ಟ್ರೇಲರ್ ಐದು ಟನ್, ಟ್ರ್ಯಾಕ್ಟರ್ 1.8 ಟನ್ ಎಂದು ಹಿಡಿದರೆ ಡಾಂಬರು ರಸ್ತೆಯಲ್ಲಿ ಬರಿಯ ಉರುಳುವಿಕೆಗೇ ಸುಮಾರು 136 ಕಿಲೋ ಎಳೆತ ಹೋಗುತ್ತದೆ. ಉಳಿದದ್ದರಿಂದ ಏರು ಹತ್ತಬೇಕು. 24ರ ಟ್ರ್ಯಾಕ್ಟರು ಇಪ್ಪತ್ತಾರು ಮೀಟರಿಗೆ ಒಂದು ಮೀಟರ್ ಏರುವ ದಾರಿಯನ್ನು ಮೇಲಿನ ಗೇರಿನಲ್ಲೇ ಹತ್ತುತ್ತದೆ. 28ರದ್ದು ಮೂವತ್ತನಾಲ್ಕು ಮೀಟರಿಗೆ ಒಂದು ಮೀಟರ್ ಏರುವ, ಇನ್ನೂ ಸಣ್ಣ ಏರಿನಲ್ಲೇ ಸೋತು ಗೇರು ಇಳಿಸಬೇಕಾಗುತ್ತದೆ. ಇಲ್ಲಿ ಗೇರ್‌ಬಾಕ್ಸಿನ ಒಳಗಿನ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮ್ಯಾಸಿ 35ರಂಥ ಗೇರ್‌ಬಾಕ್ಸಿನಲ್ಲಿ ಗೇರು ಹಾಕುವುದೆಂದರೆ ಒಂದು ಹಲ್ಲುಗಾಲಿಯನ್ನೇ ಶಾಫ್ಟಿನ ಮೇಲೆ ಸರಿಸಿ ಇನ್ನೊಂದರ ಹಲ್ಲಿಗೆ ಕೂಡಿಸುವುದು. ಓಡುವಾಗ ಅದನ್ನು ಕೂಡಿಸಲು ಹೋದರೆ ಹಲ್ಲು ಹಲ್ಲಿಗೆ ಬಡಿದು ಅಂಚು ಮುರಿಯುತ್ತದೆ. ಗಾಡಿ ನಿಲ್ಲಿಸಿಯೇ ಹಾಕಬೇಕು. ತುಂಬಿದ ಟ್ರೇಲರನ್ನು ಏರಿನ ನಡುವೆ ನಿಲ್ಲಿಸಿ, ಕೆಳಗಿನ ಗೇರಿಗೆ ಹಾಕಿ, ಮತ್ತೆ ಎಬ್ಬಿಸುವ ಆ ಒಂದು ಗಳಿಗೆಯಲ್ಲಿ ಕ್ಲಚ್ ಪ್ಲೇಟಿಗೂ ಕ್ರೌನಿಗೂ ಹಾಫ್ ಶಾಫ್ಟಿಗೂ ಬೀಳುವ ಪೆಟ್ಟು ಇಡೀ ದಿನದ ರಂಟಿಯಲ್ಲೂ ಬೀಳುವುದಿಲ್ಲ. ಟ್ರೇಲರಿನ ಮೂತಿಯ ಭಾರ ಹುಕ್ಕಿನ ಮೇಲೆ ಕೂತು ಹಿಂದಿನ ಗಾಲಿಯ ಹಿಡಿತವನ್ನು ಹೆಚ್ಚಿಸಿರುತ್ತದೆ; ಡಾಂಬರಿನ ಮೇಲೆ ಗಾಲಿ ಜಾರುವುದೂ ಇಲ್ಲ. ಹೊಲದಲ್ಲಿ ಗಾಲಿ ಜಾರಿ ಭಾಗಗಳನ್ನು ಕಾಯುತ್ತಿತ್ತು. ರಸ್ತೆಯಲ್ಲಿ ಆ ಕಾವಲು ಇಲ್ಲ. ಕ್ಲಚ್ಚನ್ನು ಒಮ್ಮೆಗೇ ಬಿಟ್ಟರೆ ಎಂಜಿನ್ನಿನ ಫ್ಲೈವೀಲಿನಲ್ಲಿ ಕೂಡಿಟ್ಟ ಸುತ್ತೆಲ್ಲ ಒಂದೇ ಏಟಾಗಿ ಹಲ್ಲಿಗೆ ಬರುತ್ತದೆ. ಕ್ರೌನಿನ ನಂತರ ಇಳಿಕೆಯಿಲ್ಲದ ಟ್ರ್ಯಾಕ್ಟರಿನಲ್ಲಿ ಆ ಏಟು ಪೂರ್ತಿ ಬಲದಲ್ಲಿ ಬೀಳುವ ಜಾಗ ಕ್ರೌನು. ಬುಲ್ ಗೇರಿನದರಲ್ಲಿ ಬುಲ್ ಗೇರಿನ ಹಲ್ಲು. ಏಟು ಎಲ್ಲಿ ಬೀಳುತ್ತದೆ ಎಂಬುದೇ ಸಾಗಾಟದ ಕೆಲಸಕ್ಕೆ ಹಳೆಯ ಟ್ರ್ಯಾಕ್ಟರು ಆರಿಸುವವರು ಕೇಳಬೇಕಾದ ಪ್ರಶ್ನೆ.

ವೇಗ ಸಾಲದಿದ್ದರೆ ಹೆಚ್ಚಿಸಿಕೊಂಡರಾಯಿತು ಎಂಬ ಮಾತೂ ಇದೆ. ದೊಡ್ಡ ಟೈರು ಹಾಕಿಸುವುದು, ಡೀಸೆಲ್ ಪಂಪಿನ ಗವರ್ನರನ್ನು ತಿರುವಿ ಎಂಜಿನ್ನಿನ ಸುತ್ತು ಏರಿಸುವುದು, ಇಳಿಜಾರಿನಲ್ಲಿ ಗೇರು ತೆಗೆದು ಬಿಡುವುದು. ಈ ಆಸೆಯೂ ಹೊಸದಲ್ಲ. ಫೋರ್ಡ್ 9ಎನ್ ಟ್ರ್ಯಾಕ್ಟರಿಗೆ ಅಮೆರಿಕದಲ್ಲಿ ಶರ್ಮನ್ ಎಂಬ ಹೆಸರಿನ ಹೆಚ್ಚುವರಿ ಗೇರ್‌ಬಾಕ್ಸನ್ನೇ ಮಾರುತ್ತಿದ್ದರು. ಅದನ್ನು ಕ್ಲಚ್ಚಿಗೂ ಮೂಲ ಗೇರ್‌ಬಾಕ್ಸಿಗೂ ನಡುವೆ ಕೂಡಿಸುತ್ತಿದ್ದರು. ವೇಗ ಏರಿಸುವ ಶರ್ಮನ್ ಹಾಕಿದಾಗ ಹಿಂದಿನ ಭಾಗಗಳಿಗೆ ಬರುವ ಬಲ ಇಳಿಯುತ್ತಿತ್ತು, ವೇಗ ಇಳಿಸುವುದನ್ನು ಹಾಕಿದಾಗ ಮೂಲ ಗೇರ್‌ಬಾಕ್ಸೂ ಕ್ರೌನೂ ತಮ್ಮ ಪಾಲಿಗಿಂತ ಹೆಚ್ಚು ಹೊರಬೇಕಾಗುತ್ತಿತ್ತು. ಇಳಿಕೆಯ ಜಾಗವೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ದೊಡ್ಡ ಟೈರಿನ ವಿಷಯವೂ ಅಷ್ಟೇ. ಸುತ್ತಳತೆ ನೂರಕ್ಕೆ ಐದು ಹೆಚ್ಚಿದರೆ ವೇಗ ಐದು ಹೆಚ್ಚುತ್ತದೆ, ಎಳೆತ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಗಾಲಿಯ ತ್ರಿಜ್ಯ ಬೆಳೆದದ್ದರಿಂದ ಜಾರುವ ಮುಂಚೆ ಹಾಫ್ ಶಾಫ್ಟು ಹೊರಬೇಕಾದ ಬಲವೂ ಬೆಳೆಯುತ್ತದೆ. ಗವರ್ನರನ್ನು ಮುಟ್ಟುವುದು, ಗೇರು ತೆಗೆದು ಬಿಡುವುದು ಇವುಗಳ ಬಗ್ಗೆ ನನ್ನ ಮಾತು ಇನ್ನೂ ನಿಷ್ಠುರ. ಗಂಟೆಗೆ 24ರ ಬದಲು 30ರಲ್ಲಿ ಓಡುವ ಗಾಡಿಯನ್ನು ನಿಲ್ಲಿಸಲು ಬ್ರೇಕು ಒಂದೂವರೆ ಪಟ್ಟಿಗಿಂತ ಹೆಚ್ಚು ಶಕ್ತಿಯನ್ನು ನುಂಗಬೇಕು, ಏಕೆಂದರೆ ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಹಿಂದೆ ತಳ್ಳಿಕೊಂಡು ಬರುವ ಐದು ಟನ್ನಿನ ಟ್ರೇಲರಿಗೆ ಸಾಮಾನ್ಯವಾಗಿ ಬ್ರೇಕೇ ಇಲ್ಲ. ಆ 24 ಎಂಬ ಅಂಕಿಯನ್ನು ತಯಾರಕ ಜಿಪುಣತನದಿಂದ ಇಟ್ಟದ್ದಲ್ಲ. ಬ್ರೇಕು, ಸ್ಟೀರಿಂಗು, ಸ್ಪ್ರಿಂಗಿಲ್ಲದ ಹಿಂದಿನ ಎಕ್ಸೆಲ್ ಎಲ್ಲವನ್ನೂ ತೂಗಿ ಇಟ್ಟದ್ದು. ಬ್ರಿಟನ್ನಿನ ಜೆಸಿಬಿ ಕಂಪನಿ 2019ರಲ್ಲಿ ತನ್ನ ಫಾಸ್ಟ್‌ಟ್ರ್ಯಾಕ್ ಟ್ರ್ಯಾಕ್ಟರನ್ನು ಗಂಟೆಗೆ 217 ಕಿ.ಮೀ. ಸರಾಸರಿಯಲ್ಲಿ ಓಡಿಸಿ ದಾಖಲೆ ಮಾಡಿತು. ಅದಕ್ಕೆ ನಾಲ್ಕೂ ಗಾಲಿಗೆ ಬ್ರೇಕಿತ್ತು, ಸಸ್ಪೆನ್ಷನ್ ಇತ್ತು, ತೂಕ ತಗ್ಗಿಸಿ ಮೈಯನ್ನೇ ಬೇರೆ ಮಾಡಿದ್ದರು. ವೇಗ ಬೇಕೆಂದವರು ಇಡೀ ಯಂತ್ರವನ್ನು ವೇಗಕ್ಕಾಗಿ ಕಟ್ಟುತ್ತಾರೆ, ಪಂಪಿನ ಒಂದು ಸ್ಕ್ರೂ ತಿರುವುವುದಿಲ್ಲ.

ಹೋಲಿಕೆಗೆ ಸರಿಯಾದ ಅಳತೆಗೋಲು ಯಾವುದೆಂದು ಜಗತ್ತು ನೂರು ವರ್ಷದ ಹಿಂದೆಯೇ ಗೊತ್ತುಮಾಡಿಕೊಂಡಿದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯ 1919ರಲ್ಲಿ ಟ್ರ್ಯಾಕ್ಟರು ಪರೀಕ್ಷೆಯ ಕಾನೂನು ತಂದು, ಪರೀಕ್ಷೆಯಾಗದ ಟ್ರ್ಯಾಕ್ಟರು ತನ್ನ ರಾಜ್ಯದಲ್ಲಿ ಮಾರಾಟವಾಗಬಾರದೆಂದಿತು. ಜಾಹೀರಾತಿನ ಮಾತು ನಂಬಿ ಮೋಸಹೋದ ರೈತರ ಕೂಗು ಅದರ ಹಿಂದಿತ್ತು. ನಮ್ಮಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಶುರುವಾದ ಕೇಂದ್ರ ಆ ಕೆಲಸ ಮಾಡುತ್ತ ಬಂದಿದೆ. ಅಂಥ ವರದಿಗಳಲ್ಲಿ ಪ್ರತಿ ಗೇರಿನ ವೇಗದ ಪಕ್ಕದಲ್ಲೇ ಆ ಗೇರಿನ ಎಳೆತ, ಗಾಲಿ ಎಷ್ಟು ಜಾರಿತು, ಡೀಸೆಲ್ ಎಷ್ಟು ಸುಟ್ಟಿತು ಎಂಬುದೂ ಇರುತ್ತದೆ. ವೇಗ ಅಲ್ಲಿ ಒಂಟಿಯಾಗಿ ನಿಲ್ಲುವ ಅಂಕಿಯಲ್ಲ. ರಂಟಿಗೆ ಬೇಕಾದ ನಾಲ್ಕೈದು ಕಿ.ಮೀ. ವೇಗದ ಹತ್ತಿರ ಎಷ್ಟು ಗೇರುಗಳಿವೆ ಎಂಬುದು ಮೇಲಿನ ವೇಗಕ್ಕಿಂತ ದೊಡ್ಡ ಸಂಗತಿ. ಆರು ಗೇರಿನ ಮ್ಯಾಸಿಗೂ ಎಂಟು ಗೇರಿನ ಬಿ-275ಕ್ಕೂ ನಿಜವಾದ ಅಂತರ ಇರುವುದು ಅಲ್ಲಿ: ನೆಲ ಸ್ವಲ್ಪ ಬಿಗಿಯಾದಾಗ ಒಂದು ಗೇರು ಇಳಿಸಿದರೆ ಸಾಕೋ, ವೇಗ ಅರ್ಧಕ್ಕೆ ಬೀಳಬೇಕೋ ಎಂಬುದರಲ್ಲಿ.

ಕೊನೆಯದಾಗಿ, ಇವೆಲ್ಲ ಹಳೆಯ ಗಾಡಿಗಳು, ಇವುಗಳ ಹಲ್ಲು ಎಣಿಸಿ ಏನು ಫಲ ಎನ್ನುವವರಿದ್ದಾರೆ. ಫಲವಿದೆ. ಹೊಸ ಟ್ರ್ಯಾಕ್ಟರಿನ ಬೆಲೆ ಎಟುಕದ ರೈತನ ಮನೆಗೆ ಮೊದಲು ಬರುವುದು ಹಳೆಯದೇ, ಅದೂ ಎರಡನೆಯ ಮೂರನೆಯ ಕೈ ದಾಟಿ. ಅದರ ಬೆಲೆ ಕಟ್ಟಲು ಬಾರದಿದ್ದರೆ ಕೈಸುಡುವುದು ಅವನದ್ದೇ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್‌ಎಂಟಿಯ ಟ್ರ್ಯಾಕ್ಟರು ಘಟಕವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಕಾರ್ಖಾನೆ ನಿಂತ ಮೇಲೆ ಅದರ ಟ್ರ್ಯಾಕ್ಟರಿನ ಆಯುಸ್ಸು ಎಂಜಿನ್ನಿನ ಕೈಯಲ್ಲಿರುವುದಿಲ್ಲ, ಹಿಂದಿನ ಹೌಸಿಂಗಿನ ಯಾವ ಭಾಗ ಪೇಟೆಯಲ್ಲಿ ಸಿಗುತ್ತದೆ ಎಂಬುದರ ಕೈಯಲ್ಲಿರುತ್ತದೆ. ಕ್ರೌನು-ಪಿನಿಯನ್‌ಗಳನ್ನು ಒಂದಕ್ಕೊಂದು ಉಜ್ಜಿ ಜೋಡಿಯಾಗಿಯೇ ತಯಾರಿಸುತ್ತಾರೆ. ಒಂದು ಹಾಳಾದರೆ ಎರಡನ್ನೂ ಹಾಕಬೇಕು, ನಡುವಿನ ಸಡಿಲವನ್ನು ತಗಡಿನ ಶಿಮ್ಮು ಹಾಕಿ ಕೂದಲೆಳೆಯಷ್ಟು ಸರಿಗೊಳಿಸಬೇಕು. ಅದು ನುರಿತ ಕೈಯ ಕೆಲಸ. ಬುಲ್ ಗೇರನ್ನು ಬದಲಿಸಲು ಅಷ್ಟು ನಾಜೂಕು ಬೇಡ. ಮ್ಯಾಸಿ 35ರ ವಂಶದಲ್ಲಿ ಇನ್ನೊಂದು ಎಚ್ಚರ: ಗೇರು, ಕ್ರೌನು, ಹೈಡ್ರಾಲಿಕ್ ಲಿಫ್ಟು ಎಲ್ಲಕ್ಕೂ ಒಂದೇ ಎಣ್ಣೆ. ಕ್ರೌನಿನ ಹಲ್ಲು ಉದುರಿಸಿದ ಕಬ್ಬಿಣದ ಪುಡಿ ಆ ಎಣ್ಣೆಯಲ್ಲೇ ತೇಲಿ ಲಿಫ್ಟಿನ ಪಂಪಿಗೆ ಹೋಗುತ್ತದೆ. ಲಿಫ್ಟು ನಿಧಾನವಾಗಿ ಏಳುತ್ತಿದ್ದರೆ ರೋಗ ಪಂಪಿನಲ್ಲೇ ಇದೆ ಎಂದುಕೊಂಡು ಪಂಪು ಬದಲಿಸಿ, ಅದೇ ಎಣ್ಣೆ ಬಿಟ್ಟರೆ ಹೊಸ ಪಂಪೂ ಅದೇ ದಾರಿ ಹಿಡಿಯುತ್ತದೆ.

ಆದ್ದರಿಂದ ಹಳೆಯ ಟ್ರ್ಯಾಕ್ಟರು ನೋಡಲು ಹೋದವರು ಅದನ್ನು ಮೊದಲು ರಸ್ತೆಯ ಮೇಲೆ ಓಡಿಸಿ ನೋಡುವ ಬದಲು, ಸಮನಾದ ನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಲಿ. ಎಂಜಿನ್ನು ನಿಂತಿರಲಿ, ಮೇಲಿನ ಗೇರು ಹಾಕಿರಲಿ. ಗಾಲಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದರೆ ಹಲ್ಲು ಹಲ್ಲಿಗೆ ತಾಗುವ ಮುಂಚೆ ಅದು ಎಷ್ಟು ಖಾಲಿ ತಿರುಗುತ್ತದೆ ಎಂಬುದು ಟೈರಿನ ಅಂಚಿನಲ್ಲಿ ಕಾಣುತ್ತದೆ. ಒಂದೇ ಗಾಲಿ ಎತ್ತಿದಾಗ ಡಿಫರೆನ್ಷಿಯಲ್ಲಿನ ಗುಣದಿಂದ ಕ್ರೌನಿನ ಸಡಿಲ ಎರಡು ಪಟ್ಟಾಗಿ ತೋರುತ್ತದೆ, ಅದನ್ನು ಅರ್ಧಕ್ಕೆ ಹಿಡಿಯಬೇಕು. ಬುಲ್ ಗೇರಿನ ಟ್ರ್ಯಾಕ್ಟರಿನಲ್ಲಿ ಮೊದಲ ಸಣ್ಣ ಸಡಿಲ ಬುಲ್ ಗೇರಿನದು, ಅದು ತಾಗಿದ ಮೇಲಿನದು ಒಳಗಿನದು. ಮಾತಾಡದೆ ಕಿವಿ ಕೊಟ್ಟರೆ ಎರಡು ಬೇರೆ ಬೇರೆ ತಾಗುವ ಸದ್ದುಗಳು ಕೇಳುತ್ತವೆ. ಆಮೇಲೆ ಹೌಸಿಂಗಿನ ಡ್ರೇನ್ ಪ್ಲಗ್ಗು ಬಿಚ್ಚಿ ಒಂದು ಬಟ್ಟಲು ಎಣ್ಣೆ ಹಿಡಿದು ಬೆರಳಿನ ನಡುವೆ ತಿಕ್ಕಿ ನೋಡಬೇಕು. ನುಣ್ಣನೆಯ ಬೂದಿಯಂಥದ್ದು ವಯಸ್ಸಿನ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಒಳಗೆ ಹಲ್ಲು ಒಡೆಯತೊಡಗಿದೆ, ಮಾರುವವರು ಹೇಳುವ ಬೆಲೆಯಿಂದ ಒಂದು ಜೊತೆ ಕ್ರೌನು-ಪಿನಿಯನ್ ಮತ್ತು ಅದನ್ನು ಕೂಡಿಸುವ ಕೂಲಿಯನ್ನು ಅಲ್ಲೇ ಕಳೆದು ಮಾತು ಮುಂದುವರಿಸಬೇಕು.